ಭಾವನ ಮಳೆ

ಮಾರ್ಚ್ 11, ಮಂಗಳವಾರ. ಬೆಳಿಗ್ಗೆ 8.45
ಮಳೆ — 27 ಸೆಂಟ್.

ವರ್ಷದ ಮೊದಲ ಮಳೆ. ಧೂಳು ಅಡಗಿತು, ಅಷ್ಟೆ. ರೈನ್‌ಗೇಜಿನ ಬಾಟಲಿ ತೆಗೆದು ಅಳತೆಗ್ಲಾಸಿಗೆ ಸುರಿದೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಇಪ್ಪತ್ತೇಳೇ. ಬೆಳೆಗಾರರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಬೇಲಿಯಾಚೆಯ ಕೃಷ್ಣಪ್ಪ 39 ಎಂದು ಹಾಕಿದ್ದಾನೆ. ಮಳೆ ಬೇಲಿ ನೋಡಿಕೊಂಡು ಬೀಳುತ್ತದೆಯೇ? ಬಣಕಲ್ಲಿನಲ್ಲಿ ನನ್ನೊಬ್ಬನನ್ನು ಬಿಟ್ಟು ಎಲ್ಲರೂ ಏರಿಸಿಯೇ ಹೇಳುತ್ತಾರೆ.

ಇವರಿಗೆಲ್ಲ ಗುರು ಮಲ್ಲಂದೂರಿನ ಭಾವ. ಇವತ್ತು — 72! ಕೊನೆಗೊಂದು ಕೈಮುಗಿಯುವ ಚಿತ್ರ ಬೇರೆ.

ಮಗಳು ಕೃತಿಕಾಳ ಮಾವನಾಗುವವರು ಫೋನ್ ಮಾಡಿದ್ದರು. ಬಯಲುಸೀಮೆಯವರು. ಇಪ್ಪತ್ತೇಳು ಸೆಂಟ್ ಮಳೆ ಎಂದೆ. ಜಾಗದ ಸೆಂಟ್ ಎಂದುಕೊಂಡು, ಬಾಕಿ ಜಾಗಕ್ಕೆ ಬೀಳಲಿಲ್ಲವೇ ಎಂದು ಕೇಳಿದರು. ನೂರು ಸೆಂಟ್ ಸೇರಿದರೆ ಒಂದು ಇಂಚು, ಒಂದು ಇಂಚು ಬಿದ್ದರೆ ಒಂಬತ್ತನೇ ದಿನಕ್ಕೆ ಕಾಫಿ ಹೂ ಎಂದು ಹತ್ತು ನಿಮಿಷ ವಿವರಿಸಿದೆ. ಒಳ್ಳೆಯ ಜನ. ಹೂಂ ಹೂಂ ಎಂದು ಕೇಳಿಸಿಕೊಂಡರು.

ಮಾರ್ಚ್ 12, ಬುಧವಾರ. ಸಂಜೆ
ಮಳೆ — ಇಲ್ಲ.

ಹಾಸನದಿಂದ ಕೃತಿಕಾ ಫೋನ್. ಮದುವೆಗೆ ಎರಡೇ ತಿಂಗಳು. ಸೋದರಮಾವ ಕೈಹಿಡಿದು ಕರೆದುಕೊಂಡು ಹೋಗದಿದ್ದರೆ ಮಂಟಪ ಹತ್ತುವುದಿಲ್ಲವಂತೆ. ಬೇಡ ಎಂದವರು ಯಾರು, ಬರಲಿ, ಕಾರ್ಡು ಪೋಸ್ಟಿಗೆ ಹಾಕುತ್ತೇನೆ ಎಂದೆ. ಹೆಂಡತಿ ಸರೋಜ ಅನ್ನದ ಸೌಟು ಹಿಡಿದುಕೊಂಡು ನನ್ನನ್ನೇ ನೋಡಿದಳು. ಭಾವ ಅವಳ ಒಡಹುಟ್ಟಿದ ಅಣ್ಣ. ನಾಲ್ಕು ವರ್ಷದಿಂದ ಅವಳು ತವರಿಗೆ ಹೋಗಿಲ್ಲ.

"ನೀವು ಹೋಗಿ ಬಾಯ್ತುಂಬ ಕರೀಬೇಕು ಅಪ್ಪ. ಮಾತಾಡಿ ಕೆಡಿಸ್ದೋರು ನೀವು" ಎಂದಳು ಕೃತಿಕಾ.

ಏನು ಅಂಥ ಮಾತು? ನಾಲ್ಕು ವರ್ಷದ ಹಿಂದೆ, ಮೂಡಿಗೆರೆಯ ನೆಂಟರ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಭಾವ ತಮ್ಮಲ್ಲಿ ಒಂದೂಕಾಲು ಇಂಚು ಎಂದರು. ನಾನು, "ಭಾವನ ಊರಲ್ಲಿ ಮಳೆ ಬಾಯಲ್ಲಿ ಬೀಳ್ತದೆ, ನೆಲಕ್ಕೆ ಬೀಳಲ್ಲ" ಎಂದೆ. ಐವತ್ತು ಜನ ನಕ್ಕರು. ಭಾವ ಎಲೆಯ ಮೇಲಿನ ಹೋಳಿಗೆ ಹಾಗೇ ಬಿಟ್ಟು ಕೈ ತೊಳೆದುಕೊಂಡು ಹೋದರು. ನಿಜ ಹೇಳಿದ್ದಕ್ಕೆ ಸಿಟ್ಟು. ನಾನ್ಯಾಕೆ ಕಾಲು ಹಿಡಿಯಬೇಕು? ಮೂವತ್ತೊಂದು ವರ್ಷದಿಂದ ಒಂದು ಮಳೆಯನ್ನೂ ಬಿಡದೆ ಬರೆದಿಟ್ಟವನು ನಾನು.

ಮಾರ್ಚ್ 14, ಶುಕ್ರವಾರ
ಮಳೆ — ಇಲ್ಲ. ಮಧ್ಯಾಹ್ನ ಉತ್ತರಕ್ಕೆ ಮೋಡ. ಮಲ್ಲಂದೂರಿನ ಕಡೆಗೇ ಇರಬೇಕು.

ಊಟ ಮಾಡುವಾಗ ಉಪಾಯ ಹೊಳೆಯಿತು. ಎಲ್ಲರೂ ಅಳೆಯುವುದು ಮರುದಿನ ಬೆಳಿಗ್ಗೆ ಎಂಟೂವರೆಗೆ. ಮಳೆ ನಿಂತ ತಕ್ಷಣ ಭಾವನ ತೋಟಕ್ಕೆ ಹೋಗುವುದು. ಅವರ ಗೇಜಿನ ನೀರನ್ನು ನನ್ನ ಗ್ಲಾಸಿನಲ್ಲಿ ಅಳೆದು, ಹಾಗೇ ವಾಪಸ್ ಸುರಿದು ಬಂದುಬಿಡುವುದು. ಬೆಳಿಗ್ಗೆ ಅವರು ಗ್ರೂಪಿಗೆ ಹಾಕಿದ ಲೆಕ್ಕ ಏನೆಂದು ನೋಡುವುದು. ಆಮೇಲೆ ಕರೆಯೋಣ ಮದುವೆಗೆ. ಸುಳ್ಳು ಒಪ್ಪಿಕೊಂಡು ಬರಲಿ.

ಕಾರು ಕೃತಿಕಾಳ ಹತ್ತಿರ ಇದೆ. ಬೈಕೇ ಗತಿ. ಬಸ್‌ಸ್ಟ್ಯಾಂಡಿನ ಶಂಶುದ್ದೀನನ ಗ್ಯಾರೇಜಿಗೆ ತಳ್ಳಿಕೊಂಡು ಹೋದೆ. ಅವನು ಪ್ಲಗ್ ತೆಗೆದು ನೋಡಿ ದುಃಖದಿಂದ ತಲೆಯಾಡಿಸಿದ. ಎಲ್ಲಿವರೆಗೆ ಎಂದ. ಮಲ್ಲಂದೂರು ಎಂದೆ. ಹೋಗುವಾಗ ಐವತ್ತು ಚಿಲ್ಲರೆ ಕಿಲೋಮೀಟರ್, ಬರುವಾಗಲೂ ಅಷ್ಟೇ.

"ಹೋಗ್ತದೆ ವಿಶ್ವಣ್ಣ. ಆದ್ರೆ ದಾರೀಲಿ ಇಂಜಿನ್ ಆಫ್ ಮಾಡ್ಬೇಡಿ. ಬಿಸಿ ಇದ್ದಾಗ ಕಿಕ್ ಹೊಡೆದ್ರೆ ನಿಮ್ಮ ಮೊಣಕಾಲು ಹೋಗ್ತದೆ, ಗಾಡಿ ಸ್ಟಾರ್ಟ್ ಆಗಲ್ಲ. ನಿಲ್ಲಿಸಲೇಬೇಕು ಅಂದ್ರೆ ಇಳಿಜಾರಲ್ಲಿ, ಮೂತಿ ಕೆಳಗೆ ಮಾಡಿ ನಿಲ್ಲಿಸಿ."

ಸರಿ, ನನಗೆ ಗೊತ್ತಿಲ್ಲವೇ? ನನ್ನ ಮದುವೆಯ ವರ್ಷ ತಂದ ಗಾಡಿ.

ಮಾರ್ಚ್ 15, ಶನಿವಾರ. ಮಧ್ಯಾಹ್ನ 12.50

ಮೋಡ ಕಟ್ಟುತ್ತಿದೆ. ಗ್ಲಾಸನ್ನು ಟವೆಲಿನಲ್ಲಿ ಸುತ್ತಿ ಸೈಡ್‌ಬಾಕ್ಸಿಗೆ ಹಾಕಿದೆ. ಸರೋಜಳಿಗೆ ಮೂಡಿಗೆರೆಯಿಂದ ಪೈಪು ತರುತ್ತೇನೆ ಎಂದೆ. ಅವಳು ಆಗಲೇ ರೇಷ್ಮೆಸೀರೆ ಉಟ್ಟು, ಕೈಚೀಲ ಹಿಡಿದು, ಹೆಲ್ಮೆಟ್ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದಾಳೆ. ಪೈಪು ತರಲು ರೇಷ್ಮೆಸೀರೆ ಯಾಕೆ ಎಂದು ನಾನು ಕೇಳಲಿಲ್ಲ. ಪೈಪು ತರಲು ಗ್ಲಾಸು ಯಾಕೆ ಎಂದು ಅವಳೂ ಕೇಳಲಿಲ್ಲ. ಶಂಶುದ್ದೀನನ ಬಾಯಿ…

ಅದೇ ದಿನ, ಸಂಜೆ 7.15

ಬಂದೆವು. ಸೊಂಟ ಹೋಗಿದೆ. ಮೊದಲಿಂದ ಬರೆಯುತ್ತೇನೆ.

ಮೂಡಿಗೆರೆ ದಾಟಿದೆವು. ಬಿಸಿಲು ಚುರುಚುರು. ಅರೇಬಿಕಾ ತೋಟಗಳೆಲ್ಲ ಎಲೆ ಇಳಿಬಿಟ್ಟುಕೊಂಡು ನಿಂತಿವೆ. ಮೊಗ್ಗು ಬಂದಿದೆ, ಮಳೆ ಸಾಕಾಗಿಲ್ಲ. ಆಲ್ದೂರು ರಸ್ತೆಗೆ ತಿರುಗಿದ ಮೇಲೆ, ಸ್ಪ್ರಿಂಕ್ಲರ್ ಹೊಡೆದಿದ್ದ ಯಾರದ್ದೋ ರೋಬಸ್ಟಾ ಅರಳಿ ನಿಂತಿತ್ತು. ರಸ್ತೆಯ ಎರಡೂ ಬದಿಗೆ ಬೆಳ್ಳಗೆ. ಆ ವಾಸನೆ ಹೆಲ್ಮೆಟ್ಟಿನೊಳಗೇ ನುಗ್ಗಿತು. ಸರೋಜ ನನ್ನ ಹೆಗಲ ಮೇಲೆ ಕೈ ಇಟ್ಟು, ಸ್ವಲ್ಪ ನಿಧಾನ ಹೋಗಿ, ಬಸ್ಸೇನೂ ಹಿಡಿಯೋದಿಲ್ಲ ಎಂದಳು. ನಿಧಾನ ಮಾಡಿದೆ. ಆ ಕೈ ಅಲ್ಲೇ ಇತ್ತು. ಈ ಗಾಡಿಯ ಹಿಂದೆ ಅವಳು ಕೂತು ಹನ್ನೊಂದು ವರ್ಷವಾಗಿದೆ. ಬಹಳ ಖುಷಿಯಾಯಿತು ನನಗೆ.

ಆಲ್ದೂರಿನಲ್ಲಿ ಕಬ್ಬಿನ ಹಾಲು ಬೇಕೆಂದಳು. ಇಂಜಿನ್ ಆಫ್ ಮಾಡುವಂತಿಲ್ಲ. ಎರಡೂ ಕಾಲು ಊರಿಕೊಂಡು, ಒಂದು ಕೈಯಲ್ಲಿ ಆಕ್ಸಿಲರೇಟರ್, ಇನ್ನೊಂದರಲ್ಲಿ ಲೋಟ. ಬೈಕು ನಡುಗಿದ ಹಾಗೆಲ್ಲ ಕಬ್ಬಿನ ಹಾಲು ಅಂಗಿಯ ಮೇಲೆ. ಅಂಗಡಿಯ ಹೆಂಗಸು ನನ್ನ ಕೈ ನೋಡಿ, ಯಜಮಾನ್ರಿಗೆ ಹುಷಾರಿಲ್ಲವೇ ಎಂದು ಸರೋಜಳನ್ನು ಕೇಳಿದಳು. ಮೂವತ್ತು ವರ್ಷದಿಂದ ಹೀಗೇ ಎಂದಳು ಇವಳು. ಇಬ್ಬರೂ ನಕ್ಕದ್ದೇ ನಕ್ಕದ್ದು.

ಅಲ್ಲಿಂದ ಒಳರಸ್ತೆ. ಒಂದೊಂದು ತಿರುವಿಗೂ ಎದುರಿಂದ ಪ್ರವಾಸಿಗರ ಜೀಪು. ಒಂದು ಜೀಪಿನವರು ನಮ್ಮ ಫೋಟೊ ಹೊಡೆದರು. ಸರೋಜ ಕೈ ಬೀಸಿದಳು! ಮೂರು ಗಂಟೆಯ ಹೊತ್ತಿಗೆ ಮುಂದಿನ ಗುಡ್ಡ ಪೂರ್ತಿ ಕಪ್ಪು. ತಣ್ಣನೆ ಗಾಳಿ, ಮಣ್ಣಿನ ವಾಸನೆ. ಒಂದು ತಿರುವಿನವರೆಗೆ ರಸ್ತೆ ಒಣಗಿತ್ತು, ಅದರಾಚೆ ಗೆರೆ ಎಳೆದ ಹಾಗೆ ಒದ್ದೆ. ಅಲ್ಲೇ ಇದ್ದ ಬಸ್‌ಶೆಲ್ಟರಿನೊಳಗೆ ಬೈಕು ಸಮೇತ ನುಗ್ಗಿದೆವು. ಇಂಜಿನ್ ಗುಡುಗುಡು ಅನ್ನುತ್ತಲೇ ಇತ್ತು. ಹೊಗೆಗೆ ಅಲ್ಲಿದ್ದ ನಾಯಿ ಎದ್ದು ಮಳೆಗೇ ಹೋಯಿತು. ಮುಕ್ಕಾಲು ಗಂಟೆ ಒಳ್ಳೆ ಮಳೆ. ಒಂದು ಇಂಚು ಆಗಿರಬಹುದೇ ಎಂದು ನನಗೇ ಅನಿಸಿತು. ಛೆ, ಅನಿಸಿಕೆಗೆ ಏನು ಬೆಲೆ, ಅಳತೆ ಮುಖ್ಯ ಎಂದುಕೊಂಡೆ.

ಭಾವನ ಗೇಟಿನ ಹತ್ತಿರ ಬೈಕು ನಿಲ್ಲಿಸಿದೆ. ಅವಸರದಲ್ಲಿ ಇಂಜಿನ್ ಆಫ್ ಮಾಡಿಬಿಟ್ಟೆ. ಇಲ್ಲೇ ಇರು, ಐದು ನಿಮಿಷ ಎಂದೆ. ಸರೋಜ ಹೆಲ್ಮೆಟ್ ತೆಗೆದು ಕೂದಲು ಸರಿಮಾಡಿಕೊಂಡಳು.

"ನೀವು ಏನು ಕದಿಯೋಕೆ ಬಂದ್ರೋ ಕದ್ಕೊಂಡು ಬನ್ನಿ. ನಾನು ಅಣ್ಣನ ಮನೆಗೆ ಹೋಗ್ತೀನಿ."

ಅವಳು ಮುಂಬಾಗಿಲಿಗೆ ಹೋದಳು. ನಾನು ಬೇಲಿ ಹಾರಿದೆ. ಅರವತ್ತೊಂದನೇ ವಯಸ್ಸಿಗೆ ಬೇಲಿ ಹಾರುವುದು ಎಂದರೆ ಹಾರುವುದಲ್ಲ, ಬೀಳುವುದು. ಕಾಫಿ ಒಣಗಿಸುವ ಕಣದ ಹಿಂದೆ, ನಮ್ಮಂಥದ್ದೇ ಗೇಜು ಇದೆ ಎಂದು ಗೊತ್ತಿತ್ತು. ಬಾಟಲಿ ತೆಗೆದೆ, ಟವೆಲ್ ಬಿಚ್ಚಿದೆ, ಸುರಿದೆ. ಕೂತು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದೆ. ಎಪ್ಪತ್ತೈದು! ನಾಳೆ ಇವರು ಒಂದು ಇಂಚು ಎನ್ನಲಿ, ಆಗ ಇದೆ.

"ಎಷ್ಟಿದೆ ಭಾವ?"

ನಾಲ್ಕು ವರ್ಷದಲ್ಲಿ ಭಾವ ನನ್ನೊಡನೆ ಆಡಿದ ಮೊದಲ ಮಾತು; ನಾನೂ ಅವರಿಗೆ ಭಾವನೇ. ಹಿಂದೆಯೇ ನಿಂತಿದ್ದರು. ತಲೆ ಪೂರ್ತಿ ನೆರೆತಿದೆ. ಅವರದ್ದು.

"ಎಪ್ಪತ್ತೈದು" ಎಂದೆ. ಬೇರೇನು ಹೇಳುವುದು, ಗ್ಲಾಸು ಕೈಯಲ್ಲೇ ಇತ್ತು.

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಕಣದ ಶೆಡ್ಡಿನಿಂದ ತಮ್ಮ ಗ್ಲಾಸು, ಒಂದು ಚೊಂಬು ತಂದರು. ಆ ನೀರು ಚೆಲ್ಲಬೇಡಿ, ಹಾಗೇ ಕೊಡಿ ಎಂದರು. ನನ್ನ ಗ್ಲಾಸಿನಿಂದ ಅವರ ಗ್ಲಾಸಿಗೆ ಸುರಿದರು. ಮೇಲಿನ ಗೆರೆ ಮುಟ್ಟಿತು. ನೂರು. ಅದನ್ನು ಚೊಂಬಿಗೆ ಹಾಕಿ, ಉಳಿದದ್ದು ಸುರಿದರು. ಎಂಟು.

ಒಂದು ಇಂಚು ಎಂಟು ಸೆಂಟ್. ಅದೇ ನೀರು. ಒಂದು ಹನಿ ಚೆಲ್ಲಿಲ್ಲ, ನಾನೇ ನೋಡುತ್ತಿದ್ದೆ.

ನಾನು, "ಹಂಗಾರೆ ಸುಳ್ಳು ಹೇಳೋದು ನಿಮ್ಮ ಗ್ಲಾಸು ಭಾವ" ಎಂದೆ. ಅವರು ನನ್ನ ಗ್ಲಾಸು ತೆಗೆದುಕೊಂಡು, ಬುಡ ಮೇಲೆ ಮಾಡಿ ನೋಡಿ, ಟವೆಲಿನಲ್ಲಿ ಸುತ್ತಿ ವಾಪಸ್ ಕೊಟ್ಟರು. ಕಾಫಿ ಕುಡಿದು ಹೋಗಿ ಎಂದರು. ಬೇಡ ಎಂದೆ. ಕುಡಿಯಬೇಕೆಂದು ಬಹಳ ಆಸೆ ಇತ್ತು. ಒಳಗೆ ಸರೋಜ, ಅವಳ ಅತ್ತಿಗೆ ವಿಮಲಮ್ಮ ಇಬ್ಬರೂ ಒಟ್ಟಿಗೆ ಅಳುವುದು, ನಗುವುದು ಕೇಳಿಸುತ್ತಿತ್ತು. ಕಡುಬಿನ ವಾಸನೆ ಬೇರೆ.

ಅರ್ಧ ಗಂಟೆ ಗೇಟಿನಲ್ಲಿ ಒಬ್ಬನೇ ನಿಂತೆ. ಸರೋಜ ಬಂದಳು. ಕಿಕ್ ಹೊಡೆದೆ. ಹದಿನೇಳು ಸಲ. ನೋಡಿದರೆ ಮೂತಿ ಏರಿನ ಕಡೆಗಿದೆ. ಭಾವ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಹದಿನೆಂಟನೆಯದಕ್ಕೆ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ ಇಳಿದು ಬಂದರು. ಇಬ್ಬರೂ ಸೇರಿ ಗಾಡಿ ತಿರುಗಿಸಿದೆವು. ಎರಡನೇ ಗೇರಿಗೆ ಹಾಕಿ ಕ್ಲಚ್ ಹಿಡಿದುಕೊಳ್ಳಿ ಎಂದು ತಳ್ಳಿದರು. ಸರೋಜ ಇಳಿಯಲಿಲ್ಲ. ಮಹಾರಾಣಿಯ ಹಾಗೆ ಕೂತೇ ಇದ್ದಳು. ಸ್ಟಾರ್ಟ್ ಆಯಿತು. ಕನ್ನಡಿಯಲ್ಲಿ ನೋಡಿದೆ. ಹೊಗೆಯಲ್ಲಿ ಭಾವ ಕಾಣಲಿಲ್ಲ, ಕೆಮ್ಮು ಮಾತ್ರ ಕೇಳಿಸಿತು.

ಬರುವಾಗ ಹೆಗಲ ಮೇಲೆ ಕೈ ಇರಲಿಲ್ಲ. ಸೀಟಿನ ಹಿಂದಿನ ಕಂಬಿ ಹಿಡಿದಿದ್ದಳು. ಮದುವೆಗೆ ಬರುತ್ತಾರಂತೆಯೇ ಎಂದು ಮೂಡಿಗೆರೆಯಲ್ಲಿ ಕೇಳಿದೆ. ಕಾರ್ಡು, ಕುಂಕುಮ ಕೊಟ್ಟು ಬಂದಿದ್ದೇನೆ, ನೀವು ಬಾಯಿಬಿಟ್ಟು ಕರೆದರೆ ಅಣ್ಣ ಬರುತ್ತಾನಂತೆ ಎಂದಳು. ಪೈಪಿನ ಅಂಗಡಿ ದಾಟಿತು ನೋಡಿ ಎಂದೂ ಸೇರಿಸಿದಳು.

ಮಾರ್ಚ್ 16, ಭಾನುವಾರ. 8.45
ಮಳೆ — 70 ಸೆಂಟ್. (ನಿನ್ನೆ ನಾವಿಲ್ಲದಾಗ ಇಲ್ಲೂ ಬಿದ್ದಿದೆ.)

ಕೃಷ್ಣಪ್ಪ — 1 ಇಂಚು. ಹಾಕಲಿ. ಭಾವ — 1 ಇಂಚು 8. ಕೈಮುಗಿಯುವ ಚಿತ್ರ ಇಲ್ಲ.

ಮಾರ್ಚ್ 19, ಬುಧವಾರ. ಮಧ್ಯಾಹ್ನ

ಎರಡು ದಿನ ಬರೆಯಲಿಲ್ಲ. ಸಿಟ್ಟು.

ಇವತ್ತು ನನ್ನ ಗ್ಲಾಸಿನ ಫೋಟೊ ತೆಗೆದು ಗ್ರೂಪಿಗೆ ಹಾಕೋಣ, ಸರಿಯಾದ ಗ್ಲಾಸು ಹೇಗಿರುತ್ತದೆ ಎಂದು ಜನ ನೋಡಲಿ ಎಂದು ಕೂತೆ. ಬೆಳಕಿಗೆ ಹಿಡಿದೆ. ಬುಡದಲ್ಲಿ ಸಣ್ಣಗೆ ಏನೋ ಬರೆದಿದೆ. ಕನ್ನಡಕ ಹಾಕಿಕೊಂಡು ಓದಿದೆ. ಆರು ಇಂಚು ಬಾಯಿಯ ಗೇಜಿಗೆ ಮಾತ್ರ.

ಸರೋಜಳ ಹೊಲಿಗೆ ಟೇಪು ತಂದು ನಮ್ಮ ಗೇಜಿನ ಬಾಯಿ ಅಳೆದೆ. ಐದು. ಟೇಪು ಹಿಗ್ಗಿರಬಹುದು ಎಂದು ಕೃತಿಕಾಳ ಸ್ಕೂಲಿನ ಸ್ಕೇಲು ಹುಡುಕಿ ಅಳೆದೆ. ಐದು. ಬಡಗಿಯ ಟೇಪು ಇತ್ತು. ಅದೂ ಐದು. ಸರೋಜ ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದಳು. ಏನು ಹುಡುಕುತ್ತಿದ್ದೀರಿ ಎಂದಳು. ಜೇಡ ಎಂದೆ.

ಸಂಜೆ
ಹಳೆಯ ಡೈರಿ ತೆಗೆದೆ. ನಾಲ್ಕು ವರ್ಷದ ಹಿಂದೆ, ಮಾರ್ಚ್ 9: "ಗ್ಲಾಸು ಒಡೆಯಿತು. ಚಿಕ್ಕಮಗಳೂರಿನಿಂದ ಹೊಸದು ತಂದೆ." ಮಾರ್ಚ್ 28: "ಗೃಹಪ್ರವೇಶ. ಭಾವನ ಬಣ್ಣ ಬಯಲು ಮಾಡಿದೆ."

ಎಲ್ಲ ನೆನಪಾಯಿತು. ಗೇಜಿನ ಬಾಯಿ ಎಷ್ಟು ಇಂಚು ಎಂದು ಅಂಗಡಿಯವನು ಕೇಳಿದ್ದ. ಮಳೆ ಅಳೆಯೋ ಗ್ಲಾಸು ಕೊಡು ಮಾರಾಯ, ಬಾಯಿ ಕಟ್ಟಿಕೊಂಡು ನಿನಗೇನು ಎಂದು ಗದರಿದವನು ನಾನೇ.

ಮಾರ್ಚ್ 20, ಗುರುವಾರ
ಮಳೆ — ಇಲ್ಲ. ನೀಟಾಗಿ ಇಲ್ಲ. ಇದರಲ್ಲಾದರೂ ತಪ್ಪಿಲ್ಲ.

ಲೆಕ್ಕ ಹಾಕಿದೆ. ಬಾಯಿ ದೊಡ್ಡದಾದಷ್ಟೂ ಅದೇ ಮಳೆಗೆ ನೀರು ಹೆಚ್ಚು ಹಿಡಿಯುತ್ತದೆ, ಆರರ ಗ್ಲಾಸಿಗೆ ಐದರ ನೀರು ಸಾಲದು. ನಿಜವಾದ ನೂರಕ್ಕೆ ನನ್ನ ಗ್ಲಾಸು ಎಪ್ಪತ್ತು ತೋರಿಸಿದೆ. ನಾಲ್ಕು ವರ್ಷ, ಪ್ರತಿ ಮಳೆ. ಕೃಷ್ಣಪ್ಪನ 39 ಸರಿ. ಇಡೀ ಬಣಕಲ್ ಸರಿ. ಭಾವ ಸರಿ.

ಇನ್ನೂ ಇದೆ. ಎರಡು ವರ್ಷದ ಹಿಂದೆ ಬೆಳೆಗಾರರ ಸಭೆಯಲ್ಲಿ ನಮ್ಮಲ್ಲಿ ಮಳೆ ನೂರಕ್ಕೆ ಮೂವತ್ತು ಪಾಲು ಕಡಿಮೆಯಾಗಿದೆ ಎಂದು ಇಪ್ಪತ್ತು ನಿಮಿಷ ಭಾಷಣ ಮಾಡಿದ್ದೇನೆ. ಶಾಲು ಹೊದಿಸಿದ್ದರು. ಪೇಪರಿಗೆ ಪತ್ರ ಬರೆದಿದ್ದೆ, ಅದನ್ನು ಕತ್ತರಿಸಿ ಇದೇ ಡೈರಿಗೆ ಅಂಟಿಸಿದ್ದೇನೆ. ಕೀಳಲು ನೋಡಿದೆ. ಬರಲಿಲ್ಲ, ಒಳ್ಳೆ ಗೋಂದು.

ನಾಚಿಕೆಯಾಗುತ್ತಿದೆ. ಶಾಲಿಗಲ್ಲ. ಆ ಹೋಳಿಗೆಗೆ. ಭಾವ ಒಂದು ತುತ್ತು ಮುರಿದಿದ್ದರು, ಬಾಯಿಗೆ ಹಾಕಿಕೊಳ್ಳುವ ಮೊದಲೇ ನಾನು ಮಾತಾಡಿದೆ.

ಯಾರಿಗೂ ಹೇಳದೆ ಹೊಸ ಗ್ಲಾಸು ತಂದುಬಿಟ್ಟರೆ? ಮಳೆ ಜಾಸ್ತಿಯಾಯಿತು ಎನ್ನಬಹುದು. ಅರ್ಧ ದಿನ ಯೋಚಿಸಿದೆ. ಆಗುವುದಿಲ್ಲ. ಹುಡುಗಿ ಮಂಟಪದ ಕೆಳಗೆ ಸೋದರಮಾವನಿಗೆ ಕಾಯುತ್ತಾ ನಿಂತರೆ…

ಮಾರ್ಚ್ 21, ಶುಕ್ರವಾರ. 8.45

ಐವತ್ತು ಜನರ ಮುಂದೆ ಆಡಿದ ಮಾತು. ಗ್ರೂಪಿನಲ್ಲಿ ಇನ್ನೂರ ಹನ್ನೆರಡು ಜನ ಇದ್ದಾರೆ. ಅಲ್ಲೇ ಹಾಕಿದೆ:

"ನನ್ನ ಗ್ಲಾಸು ಆರು ಇಂಚಿನ ಗೇಜಿನದು. ನನ್ನ ಗೇಜು ಐದು ಇಂಚಿನದು. ನಾಲ್ಕು ವರ್ಷದ ನನ್ನ ಲೆಕ್ಕ ಎಲ್ಲ ತಪ್ಪು. ಮಲ್ಲಿಕಾರ್ಜುನಪ್ಪ ಭಾವನವರ ಲೆಕ್ಕ ಸರಿ, ಮೊದಲಿಂದಲೂ ಸರಿ. ಭಾವ, ತಪ್ಪಾಯಿತು. ಕೃತಿಕಾಳ ಮದುವೆಗೆ ಬನ್ನಿ. — ವಿಶ್ವನಾಥ್, ಬಣಕಲ್."

ಒತ್ತಿದ ಮೇಲೆ ಫೋನನ್ನು ಅಕ್ಕಿಡಬ್ಬದಲ್ಲಿಟ್ಟು ತೋಟಕ್ಕೆ ಹೋದೆ. ಬಂದು ನೋಡಿದರೆ ಹೆಬ್ಬೆರಳು ತೊಂಬತ್ತು, ಕೃಷ್ಣಪ್ಪನ ನಗುವ ಮುಖ ಹನ್ನೆರಡು. ಭಾವ ಓದಿದ್ದಾರೆ. ಉತ್ತರ ಇಲ್ಲ.

ಸರೋಜಳ ಮುಂದೆ ಕೂತು ಎಲ್ಲ ಹೇಳಿದೆ. ಅವಳು ಬೆಳ್ಳುಳ್ಳಿ ಬಿಡಿಸುತ್ತಾ ಕೇಳಿದಳು. ಗೊತ್ತು ಎಂದಳು. ಭಾವ ಅವತ್ತೇ ಬುಡ ನೋಡಿ ಒಳಗೆ ಹೋಗಿ ಅವಳಿಗೆ ಹೇಳಿದರಂತೆ.

"'ಅವರೇ ನೋಡ್ಕೊಳ್ಳಲಿ ಬಿಡು ಸರೋಜ. ನಾನು ಹೇಳಿದ್ರೆ ಇನ್ನೂ ನಾಲ್ಕು ವರ್ಷ ಮಾತು ಬಿಡ್ತಾರೆ' ಅಂದ ಅಣ್ಣ. ನಾನೂ ಅದಕ್ಕೇ ಬಾಯಿ ಮುಚ್ಕೊಂಡಿದ್ದೆ."

ಹಾಗಾದರೆ ಗೊತ್ತಿದ್ದೂ ಗಾಡಿ ತಳ್ಳಿದರು. ಮೊಣಕಾಲು ನೋವಿನ ಮನುಷ್ಯ. ನನಗೆ ಅಳು ಬಂತು. ಬೆಳ್ಳುಳ್ಳಿಯ ಘಾಟು ಎಂದೆ. ಘಾಟು ಈರುಳ್ಳಿಗೆ ಎಂದಳು.

ಮಾರ್ಚ್ 22, ಶನಿವಾರ
ಮಳೆ — ಇಲ್ಲ.

ಗ್ರೂಪಿನಲ್ಲಿ ಭಾವ: "ಸೋಮವಾರ ಮಧ್ಯಾಹ್ನ ಬರ್ತೀನಿ. ಹೂ ನೋಡೋಕೆ." ಅಷ್ಟೆ. ಸರೋಜ ಕಡಲೆಬೇಳೆ ನೆನೆಹಾಕಲು ಈಗಲೇ ಹೊರಟಳು. ತಡೆದೆ.

ಮಾರ್ಚ್ 24, ಸೋಮವಾರ. ಸಂಜೆ

ಮಳೆ ಬಿದ್ದು ಒಂಬತ್ತನೇ ದಿನ. ತೋಟ ಪೂರ್ತಿ ಅರಳಿತು. ಬೇಲಿಯ ಈಚೆಗೂ ಆಚೆಗೂ ಒಂದೇ ಬಿಳಿ. ಗಿಡಕ್ಕೆ ಮೊದಲೇ ಗೊತ್ತಿತ್ತು, ಒಂದು ಇಂಚು ಬಿದ್ದಿದೆ ಎಂದು.

ಭಾವ ಮೂರೂವರೆಗೆ ಬಂದರು, ತಮ್ಮ ಬೈಕಿನಲ್ಲಿ. ಕೊಟ್ಟಿಗೆಹಾರದ ಕಡೆಯಿಂದ ಬಂದ ಮಳೆ ನಮ್ಮ ಗೇಟಿನಲ್ಲೇ ಅವರನ್ನು ಹಿಡಿಯಿತು. ತೊಪ್ಪೆಯಾಗಿ ಇಳಿದರು. ಇಬ್ಬರೂ ಮುಖ ನೋಡಿಕೊಂಡೆವು. ಒಳಗೆ ಬನ್ನಿ ಭಾವ ಎಂದೆ, ಅದೂ ಎರಡು ಸಲ.

ಹೋಳಿಗೆ ಬಡಿಸಿದವನು ನಾನೇ. ಅವರು ಮೊದಲ ತುತ್ತು ನುಂಗುವವರೆಗೆ ನಾನು ತುಟಿ ಬಿಚ್ಚಲಿಲ್ಲ. ಮೂರು ತಿಂದರು. ನಾಲ್ಕನೆಯದಕ್ಕೆ ಕೃತಿಕಾಳಿಗೆ ಫೋನ್ ಹಚ್ಚಲು ಹೇಳಿದರು.

"ಪುಟ್ಟಿ, ನಿನ್ನ ಕೈ ಹಿಡ್ಕೊಂಡು ಮಂಟಪ ಹತ್ತಿಸೋನು ನಾನೇ. ನಿನ್ನ ಅಪ್ಪ ಬೇಲಿ ಹಾರಿ ಬಂದು ಕರ್ದಿದ್ದಾರೆ, ಬರ್ದೆ ಇರೋಕಾಗ್ತದಾ?"

ಆ ಕಡೆ ಹುಡುಗಿ ನಕ್ಕಿದ್ದು ಇಲ್ಲಿಗೆ ಕೇಳಿಸಿತು. ನಗಲಿ. ಭಾವ ಚೀಲದಿಂದ ಟವೆಲಿನಲ್ಲಿ ಸುತ್ತಿದ ಗ್ಲಾಸು ತೆಗೆದು ಕೊಟ್ಟರು. ಹೊಸದು. ಬುಡ ಮೇಲೆ ಮಾಡಿಯೇ ಕೊಟ್ಟರು. ಐದು ಇಂಚು. ಮಳೆ ಬಿಡಲಿಲ್ಲ, ಉಳಿದುಕೊಂಡಿದ್ದಾರೆ. ಬೆಳಿಗ್ಗೆ ಅಳೆದೇ ಹೋಗುತ್ತಾರಂತೆ.

ಮಾರ್ಚ್ 25, ಮಂಗಳವಾರ. 8.45
ಮಳೆ — 62 ಸೆಂಟ್.

ಹೊಸ ಗ್ಲಾಸು. ಇಬ್ಬರೂ ಕೂತು ನೋಡಿದೆವು. ಭಾವ ಅರವತ್ತೆರಡು ಎಂದರು. ನನ್ನ ಕಣ್ಣಿಗೆ ಸರಿಯಾಗಿ ಅರವತ್ತು, ಕೂದಲೆಳೆಯಷ್ಟೂ ಮೇಲಿಲ್ಲ. ಎರಡು ಸೆಂಟ್ ಎಲ್ಲಿಂದ ಬಂತೋ. ಈಗ ಪಕ್ಕದಲ್ಲೇ ಕಾಫಿ ಕುಡಿಯುತ್ತಾ, ನಾನು ಏನು ಬರೆಯುತ್ತೇನೆ ಎಂದು ಬಗ್ಗಿ ನೋಡುತ್ತಿದ್ದಾರೆ. ಹಾಗಾಗಿ ಅರವತ್ತೆರಡು. ಮದುವೆ ಒಂದು ಮುಗಿಯಲಿ, ಆಮೇ— ಓದಿಬಿಟ್ಟರು.